ಟ್ರಾಮು ಬಂತು, ಸೂಜಿ ಊರು ಬಿಟ್ಟಿತು

ಮುಂಬಯಿಯ ಟ್ರಾಮುಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 1874ರ ಕುದುರೆಗಳಿಂದ ಹೊರಟು 1907ರ ಮೇ ತಿಂಗಳ ವಿದ್ಯುತ್ತಿಗೆ ಬಂದು ನಿಲ್ಲುತ್ತಾರೆ. ಆ ವಿದ್ಯುತ್ತಿನ ನಿಮಿತ್ತ ಕೊಲಾಬಾದಿಂದ ಗುಳೆ ಹೊರಟ ಒಂದು ಕಾಂತಸೂಜಿಯ ಸಂಗತಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಕೊಲಾಬಾದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ಕಟ್ಟಿಸಿತು. ಭೂಕಾಂತತೆಯ ಅಳತೆ ಅಲ್ಲಿ 1841ರಲ್ಲಿ ಮೊದಲಾಗಿ, 1846ರಿಂದ ಕ್ರಮಬದ್ಧವಾಗಿ ಸಾಗಿತು. ಛಾಯಾಗ್ರಹಣದ ಉಪಕರಣಗಳು ಬರುವ ಮುನ್ನ ಎಲ್ಲವೂ ಕಣ್ಣಳತೆ: ಗಂಟೆಗೊಮ್ಮೆ ಹೋಗಿ ನೋಡಬೇಕು, ಬರೆಯಬೇಕು. ಹಾಗೆ ಬರೆಯುತ್ತಿದ್ದವರ ಮುಂದೆಯೇ 1859ರ ಸೆಪ್ಟೆಂಬರ್ 2ರಂದು ಸೂಜಿ ಹುಚ್ಚೆದ್ದಿತು. ಹಿಂದಿನ ದಿನ ಇಂಗ್ಲೆಂಡಿನಲ್ಲಿ ಕ್ಯಾರಿಂಗ್ಟನ್ ಸೂರ್ಯನ ಮೇಲೊಂದು ಬಿಳಿಯ ಸ್ಫೋಟವನ್ನು ಕಂಡಿದ್ದರು. ಭೂಕಾಂತದ ಅಡ್ಡ ಬಲ ಕೊಲಾಬಾದಲ್ಲಿ ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಆ ಬಿರುಗಾಳಿಯ ತೀವ್ರತೆಯನ್ನು 2003ರಲ್ಲಿ ವಿಜ್ಞಾನಿಗಳು ಮತ್ತೆ ಅಂದಾಜಿಸಹೊರಟಾಗ ಅವರಿಗೆ ಆಧಾರವಾದದ್ದು ಇದೇ ಕೊಲಾಬಾದ ಲೆಕ್ಕಪುಸ್ತಕ.

ಪ್ರವಹಿಸುವ ವಿದ್ಯುತ್ತು ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದರು. 1859ರಲ್ಲಿ ಸೂಜಿಯನ್ನು ಅಲುಗಾಡಿಸಿದ್ದೂ ಭೂಮಿಯ ಮೇಲೆ, ಅಂತರಿಕ್ಷದಲ್ಲಿ ಹರಿದ ವಿದ್ಯುತ್ಕಣಗಳೇ. ಟ್ರಾಮಿನ ತಂತಿ ಪಾಲಿಸುವುದೂ ಅದೇ ನಿಯಮವನ್ನು. ಸೂರ್ಯನಿಂದ ಬಂದದ್ದೋ ಬೀದಿಯಿಂದ ಬಂದದ್ದೋ ಎಂದು ಸೂಜಿ ಕೇಳುವುದಿಲ್ಲ. ನೂರು ಆಂಪಿಯರ್ ಹರಿಯುವ ಒಂಟಿ ನೀಳ ತಂತಿಯಿಂದ ನೂರು ಮೀಟರ್ ದೂರದಲ್ಲಿ 200 ನ್ಯಾನೊಟೆಸ್ಲಾ ಕ್ಷೇತ್ರವಿರುತ್ತದೆ. ಶಾಂತ ದಿನವೊಂದರಲ್ಲಿ ಭೂಕಾಂತದ ಏರಿಳಿತ ಕೆಲವು ಹತ್ತುಗಳಷ್ಟು ಮಾತ್ರ. ಹಳಿಯ ಮೂಲಕ ಮರಳುವ ಪ್ರವಾಹ ಇದನ್ನು ಬಹುಮಟ್ಟಿಗೆ ಅಳಿಸಬಹುದಿತ್ತು. ಆದರೆ ಹಳಿಯಿಂದ ಒಂದು ಪಾಲು ನೆಲಕ್ಕೆ ಸೋರಿ ಎಲ್ಲೆಲ್ಲೋ ಅಲೆಯುತ್ತದೆ.

ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ನಾನಾಭಾಯಿ ಅರ್ದೇಶಿರ್ ಫ್ರಾಮ್‌ಜಿ ಮೂಸ್, ಆ ಪದವಿಗೇರಿದ ಮೊದಲ ಭಾರತೀಯ. ನಗರಕ್ಕೆ ಟ್ರಾಮು ಬೇಡವೆನ್ನಲು ಯಾರಿಂದಲೂ ಆಗುತ್ತಿರಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಕೊಲ್ಲಿಯಾಚೆ ಮೂವತ್ತು ಕಿಲೋಮೀಟರ್ ದೂರದ ಅಲಿಬಾಗಿನಲ್ಲಿ ಕಾಂತತೆಯ ಸೋಂಕಿಲ್ಲದ ಕಟ್ಟಡಗಳು ಎದ್ದವು. ನಮ್ಮ ಮೆಚ್ಚುಗೆ ಇರುವುದು ಮುಂದಿನ ಹೆಜ್ಜೆಗೆ. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲದಲ್ಲಿ ಅಳೆದರು. ಎರಡು ಊರಿನ ಅಂಕಿಗಳ ನಡುವಿನ ಅಂತರ ಹಾಗೆ ತಿಳಿಯದಿದ್ದರೆ ಅರವತ್ತು ವರ್ಷಗಳ ಸರಣಿ ಅಲ್ಲಿಗೇ ತುಂಡಾಗುತ್ತಿತ್ತು. ಕೇಂದ್ರ ಸರಕಾರದ ಕಚೇರಿಗಳು ಸ್ಥಳಾಂತರಗೊಳ್ಳುವ ಬಗೆಯನ್ನು ಒಳಗಿನಿಂದ ಬಲ್ಲ ನಮಗೆ, ಟ್ರಾಮು ಬರುವ ಮೂರು ವರ್ಷ ಮೊದಲೇ ಆರಂಭವಾದ ಈ ಸಿದ್ಧತೆ ಅಚ್ಚರಿಯದಾಗಿಯೇ ತೋರುತ್ತದೆ! 1846ರಿಂದ 1905ರವರೆಗಿನ ಕೊಲಾಬಾದ ದತ್ತಾಂಶಗಳನ್ನು ಮೂಸ್ 1910ರಲ್ಲಿ ಅಚ್ಚು ಹಾಕಿಸಿದರು.

1925ರಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ವಿದ್ಯುತ್ ರೈಲು ಓಡಿತು. ಸೂಜಿಗೆ ಮರಳುವ ದಾರಿ ಮತ್ತಷ್ಟು ಮುಚ್ಚಿತು. ಅದನ್ನು ಓಡಿಸಿದ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಕೊನೆಯ ಸುತ್ತು ಹಾಕಿತು. ಅಲಿಬಾಗಿನಲ್ಲಿ, ಇಂದು ಭಾರತೀಯ ಭೂಕಾಂತತ್ವ ಸಂಸ್ಥೆಯ ಆಶ್ರಯದಲ್ಲಿ, ಅಳತೆ ಈಗಲೂ ನಡೆಯುತ್ತಿದೆ.