ಒಂದು ಗಂಟೆಯ ಮಂಗಳೂರಿಗೆ ಆರು ಗಂಟೆ ಯಾಕೆ?

ರಾಜಾಜಿನಗರದಿಂದ ಮತ್ತೆ ನಾನು. ಇವತ್ತು ಒಂದು ಸಣ್ಣ ಲೆಕ್ಕ. ಬೆಂಗಳೂರಿಂದ ಮಂಗಳೂರಿಗೆ ಫ್ಲೈಟಲ್ಲಿ ಎಷ್ಟು ಹೊತ್ತು? ಫೋನಲ್ಲಿ ಹುಡುಕಿದ್ರೆ ತಕ್ಷಣ ಉತ್ತರ ಬರುತ್ತೆ: ಸುಮಾರು 300 ಕಿಲೋಮೀಟರ್, ಒಂದು ಗಂಟೆ.

ನಾನೂ ಅದನ್ನೇ ನಂಬಿದ್ದೆ. ಬಂಟ್ವಾಳದಲ್ಲಿ ಅಜ್ಜಿ ತೀರಿಕೊಂಡರು ಅಂತ ಬೆಳಗ್ಗೆ ಫೋನ್ ಬಂದಾಗ, ಅಪ್ಪನಿಗೆ ಹೇಳ್ದೆ, “ಫ್ಲೈಟಲ್ಲಿ ಹೋಗೋಣಪ್ಪಾ, ಒಂದೇ ಗಂಟೆ.” ಅಪ್ಪ ಹಿರೀ ಮಗ. ಅವರು ಬರೋವರೆಗೂ ಅಲ್ಲಿ ಎಲ್ಲರೂ ಕಾಯಬೇಕು. ಆರೂವರೆಗೆ ನಾವು ಏರ್‌ಪೋರ್ಟ್ ಕಡೆ ಹೊರಟ್ವಿ. ಚಿಕ್ಕಪ್ಪನ ಮನೆಯವರು ಅದೇ ಹೊತ್ತಿಗೆ ಕಾರಲ್ಲಿ ಹೊರಟರು.

ಈಗ ಸ್ವಲ್ಪ ಇತಿಹಾಸ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಶುರುವಾಗಿದ್ದು 1951ರ ಡಿಸೆಂಬರ್ 25ಕ್ಕೆ. ಅವತ್ತು ಅಲ್ಲಿಗೆ ನೆಹರೂ ಬಂದಿಳಿದಿದ್ದು ಡಿಸಿ-3 ಅನ್ನೋ ವಿಮಾನದಲ್ಲಿ. ಅದರ ವೇಗ ಗಂಟೆಗೆ 300 ಕಿಲೋಮೀಟರ್ ಆಸುಪಾಸು. ಅಂದ್ರೆ ಆ ಕಾಲದ ವಿಮಾನಕ್ಕೂ ಈ ದೂರ ಹೆಚ್ಚುಕಮ್ಮಿ ಒಂದು ಗಂಟೆಯದ್ದೇ! ಎಪ್ಪತ್ತು ವರ್ಷದಲ್ಲಿ ಆಕಾಶದಲ್ಲಿ ನಾವು ಉಳಿಸಿದ ಸಮಯ ತೀರಾ ಕಡಿಮೆ.

ನೆಲದ ಮೇಲೆ ಏನಾಯ್ತು? ಮೊದಲು ಬೆಂಗಳೂರಿನವರು ವಿಮಾನ ಹತ್ತುತ್ತಿದ್ದದ್ದು ಎಚ್‌ಎಎಲ್‌ನಲ್ಲಿ. ನಮ್ಮ ಮನೆಯಿಂದ ಸುಮಾರು 15 ಕಿಲೋಮೀಟರ್. 2008ರ ಮೇ 24ಕ್ಕೆ ದೇವನಹಳ್ಳಿಯ ನಿಲ್ದಾಣ ಶುರುವಾಯ್ತು, ಎಚ್‌ಎಎಲ್‌ನಿಂದ ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೋದವು. ನಿಲ್ದಾಣ ಊರಿನ ಉತ್ತರಕ್ಕೆ ಸರಿದರೂ ಅಲ್ಲಿಂದ ಮಂಗಳೂರಿನ ಆಕಾಶದ ದೂರ ಹೆಚ್ಚೇನೂ ಬದಲಾಗಲಿಲ್ಲ. ನಮ್ಮ ಮನೆಯಿಂದ ನಿಲ್ದಾಣದ ದೂರ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿಯಾಯ್ತು.

ನಾನು ಬಿ.ಕಾಂ. ಓದಿದವನು, ಆ ಭಾಷೇಲೇ ಹೇಳ್ತೀನಿ. ಮನೆಯಿಂದ ಏರ್‌ಪೋರ್ಟ್, ಚೆಕ್-ಇನ್, ಸೆಕ್ಯೂರಿಟಿ, ಲಗೇಜು, ಆಮೇಲೆ ಟ್ಯಾಕ್ಸಿ: ಇದೆಲ್ಲ ಫಿಕ್ಸೆಡ್ ಕಾಸ್ಟ್. ಹಾರಾಟದ ಹೊತ್ತು ವೇರಿಯಬಲ್ ಕಾಸ್ಟ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದರಲ್ಲ, ಅದು ಸುಮಾರು 14 ಸಾವಿರ ಕಿಲೋಮೀಟರ್, 17 ಗಂಟೆ. ಅಂಥ ಪ್ರಯಾಣಕ್ಕೆ ನೆಲದ ಮೇಲಿನ ನಾಲ್ಕೈದು ಗಂಟೆ ದೊಡ್ಡದಲ್ಲ. ಮಂಗಳೂರಿಗೆ ಅದೇ ನಾಲ್ಕೈದು ಗಂಟೆ ಪ್ರಯಾಣದ ಬಹುಪಾಲು.

ಇನ್ನೊಂದು ತಮಾಷೆ ನೋಡಿ. ಮಂಗಳೂರು ಇರೋದು ಪಶ್ಚಿಮಕ್ಕೆ, ರಾಜಾಜಿನಗರವೂ ಊರಿನ ಪಶ್ಚಿಮದಲ್ಲೇ. ನಾವು ದೇವನಹಳ್ಳಿ ಮುಟ್ಟೋ ಹೊತ್ತಿಗೆ ಚಿಕ್ಕಪ್ಪನ ಕಾರು ನೆಲಮಂಗಲ ದಾಟಿ ಕುಣಿಗಲ್ ಕಡೆ ಓಡ್ತಿತ್ತು.

ಟ್ಯಾಕ್ಸಿಯಲ್ಲಿ ಅಪ್ಪ ಒಂದ್ಸಲ ಮೆಲ್ಲಗೆ ಕೇಳಿದ್ರು, “ಒಂದು ಗಂಟೆ ಅಂದಿದ್ಯಲ್ಲೋ?” ನಾನು ಏನೂ ಹೇಳಲಿಲ್ಲ. ಬಜ್ಪೆಯಲ್ಲಿ ಇಳಿದು ಬಂಟ್ವಾಳದ ಮನೆ ಮುಟ್ಟಿದಾಗ ಹನ್ನೆರಡೂಕಾಲು. ಶಿರಾಡಿ ಘಾಟಿ ಇಳಿದು ಚಿಕ್ಕಪ್ಪ ಬಂದಾಗ ಒಂದು ಗಂಟೆ. ಮುಕ್ಕಾಲು ಗಂಟೆಯ ವ್ಯತ್ಯಾಸ, ಅಷ್ಟೇ. ಆದ್ರೆ ಆ ಮುಕ್ಕಾಲು ಗಂಟೆ ಅಪ್ಪ ತಮ್ಮ ಅಮ್ಮನ ಪಕ್ಕ ಕೂತಿದ್ರು. ಹಾಗಾಗಿ ಟಿಕೆಟ್ ದುಡ್ಡು ದಂಡ ಅಂತ ನಾನು ಹೇಳಲ್ಲ.

ಮುಂದಿನ ಸಲ ಟಿಕೆಟ್ ಬುಕ್ ಮಾಡೋ ಮುಂಚೆ ನಿಮ್ಮ ಮನೆ ಬಾಗಿಲಿಂದ ಅವರ ಮನೆ ಬಾಗಿಲಿಗೆ ಲೆಕ್ಕ ಹಾಕಿ. ಎಷ್ಟು ಬಂತು ಅಂತ ನನಗೂ ತಿಳಿಸಿ. ಸಿಗೋಣ.