ಮೈಸೂರಿನ ಓಲೆ, ಮುಂಬಯಿಯ ಪುಸ್ತಕ

ಆಂಟಾಪ್ ಹಿಲ್‌ನ ನಮ್ಮ ಸರಕಾರಿ ವಸತಿಗಳಲ್ಲಿ ನಿವೃತ್ತಿಯೆಂದರೆ ಮನೆ ಖಾಲಿ ಮಾಡುವುದೆಂದೇ ಅರ್ಥ. ಹೋದ ವರ್ಷ ನೆರೆಯವರೊಬ್ಬರು ಊರಿಗೆ ಹೊರಟಾಗ ಅವರ ಕನ್ನಡ ಪುಸ್ತಕಗಳು ರದ್ದಿಯವನ ತಕ್ಕಡಿ ಏರುವುದರಲ್ಲಿದ್ದವು. ಮನೆಯಾಕೆಯ ಗೊಣಗಾಟದ ನಡುವೆಯೇ ಮೂರು ಪೆಟ್ಟಿಗೆಗಳನ್ನು ನಾವು ಹೊತ್ತು ತಂದೆವು. ಅವುಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಮೇಲಿನ, ಮುಖಪುಟವಿಲ್ಲದ ಒಂದು ಪುಸ್ತಕ ಸಿಕ್ಕಿತು. ಅದರ ಬೆನ್ನು ಹತ್ತಿ ಹೋದಾಗ ತಿಳಿದದ್ದು ಇಷ್ಟು.

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಅಲ್ಲಿಗೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿ, ಹೆಸರು ಮಾತ್ರ ಕೇಳಿಬರುತ್ತಿದ್ದ ಅರ್ಥಶಾಸ್ತ್ರವೇ ಇದೆಂದು ಗುರುತಿಸಿದರು. 1905ರಲ್ಲಿ ಅವರ ಅನುವಾದದ ಭಾಗಗಳು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರತೊಡಗಿದವು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ನಮ್ಮ ಮುಂಬಯಿಯಲ್ಲಿ! ಮೂಲವು 1909ರಲ್ಲಿ, ಪೂರ್ಣ ಇಂಗ್ಲಿಷ್ ಅನುವಾದವು 1915ರಲ್ಲಿ ಪ್ರಕಟವಾದವು. ಮರುವರ್ಷ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಲೈಬ್ರರಿ ಅದರ ಆಶ್ರಯಕ್ಕೆ ಬಂತು.

ಆದರೆ ಒಂದೇ ಪ್ರತಿಯನ್ನು ನಂಬಿದರೆ ಲಿಪಿಕಾರನ ತಪ್ಪೂ ಕೌಟಿಲ್ಯನ ಮಾತಾಗಿಬಿಡುತ್ತದೆ. ನಾವು ವಿಜ್ಞಾನ ಓದಿದವರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದೇ ತೂಕವನ್ನು ಮೂರು ಸಲ ತೆಗೆದುಕೊಳ್ಳಿರೆಂದು ಬೈಸಿಕೊಂಡದ್ದುಂಟು. ಇದೂ ಹಾಗೆಯೇ. ಬೇರೆ ಬೇರೆ ಕಡೆ ಇಳಿದುಬಂದ ಪ್ರತಿಗಳಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಎಡವಿರುವುದಿಲ್ಲವಷ್ಟೆ. ಮ್ಯೂನಿಕ್ಕಿನ ಗ್ರಂಥಾಲಯದಲ್ಲಿ ಒಂದು ಪ್ರತಿ ಇತ್ತು. ತಿರುವನಂತಪುರದಲ್ಲಿ ಮಲಯಾಳ ಲಿಪಿಯ ಪ್ರತಿಗಳಿದ್ದವು. ಅವುಗಳ ಬಲದಿಂದ ಗಣಪತಿ ಶಾಸ್ತ್ರಿಗಳು 1924–25ರಲ್ಲಿ ತಮ್ಮ ಆವೃತ್ತಿ ತಂದರು. ಮುಂದೆ ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ ದೇವನಾಗರಿಯ ತುಣುಕೊಂದು ದೊರೆಯಿತು. ಉತ್ತರದಲ್ಲಿ ಈ ಗ್ರಂಥ ಓದಿಸಿಕೊಳ್ಳುತ್ತಿತ್ತೆಂಬುದಕ್ಕೆ ಅದು ಸಾಕ್ಷಿ.

ಈ ಎಲ್ಲವನ್ನೂ ಎದುರು ಬದುರು ಇಟ್ಟವರು ಆರ್. ಪಿ. ಕಾಂಗಳೆಯವರು. ಅವರು ಸಂಪಾದಿಸಿದ ಮೂಲವನ್ನು 1960ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಪ್ರಕಟಿಸಿತು. 1963ರಲ್ಲಿ ಅನುವಾದ, 1965ರಲ್ಲಿ ಅಧ್ಯಯನ ಬಂದವು. ಮೂಲದ ಪುಟಗಳ ಅಡಿಯಲ್ಲಿ ಯಾವ ಪ್ರತಿಯಲ್ಲಿ ಯಾವ ಪಾಠವಿದೆಯೆಂದು ಕೊಟ್ಟಿದ್ದಾರೆ. ನಾಲ್ಕೂರು ಅಲೆಯಬೇಕಿದ್ದವನು ಒಂದು ಮೇಜಿನ ಮುಂದೆ ಕುಳಿತರಾಯಿತು. ಪ್ರತಿಯೇ ಬರಬೇಕೆಂದಿಲ್ಲ, ನಕಲು ಬಂದರೂ ಸಾಕು. ಕೊಡುವ ಮನಸ್ಸು ಬೇಕು, ಯಾವುದು ಎಲ್ಲಿದೆಯೆಂಬ ಪಟ್ಟಿ ಬೇಕು.

ಪಟ್ಟಿಯ ಕೆಲಸಕ್ಕಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರಲ್ಲಿ ಇನ್‌ಫ್ಲಿಬ್‌ನೆಟ್ ಯೋಜನೆ ಆರಂಭಿಸಿತು. ಈಗ ಅದರ ಕೇಂದ್ರ ಗಾಂಧಿನಗರದಲ್ಲಿದೆ. ಅದರ ‘ಶೋಧಗಂಗಾ’ದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಮನೆಯಿಂದಲೇ ಓದಬಹುದು. ಆದರೆ ಮುಂಬಯಿಯ ಕನ್ನಡಿಗರ ಮಂಚದ ಕೆಳಗಿನ ಪೆಟ್ಟಿಗೆಗಳು ಯಾವ ಪಟ್ಟಿಯಲ್ಲೂ ಇಲ್ಲ. ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವ, ನಮ್ಮ ಕಟ್ಟಡದ ಹುಡುಗಿಯೊಬ್ಬಳು ಹಳೆಯ ಕಥಾಸಂಕಲನವೊಂದಕ್ಕಾಗಿ ಎರಡು ಊರುಗಳಿಗೆ ಬರೆದು ಕಾಯುತ್ತಿದ್ದಳು. ಅದು ಎರಡನೆಯ ಪೆಟ್ಟಿಗೆಯಲ್ಲಿತ್ತು, ಅವಳ ಮನೆಯಿಂದ ಎರಡು ಮಹಡಿ ಕೆಳಗೆ.

ಈಗ ಭಾನುವಾರಗಳಂದು ಅವಳು ಹೆಸರು ಓದುತ್ತಾಳೆ, ನಾವು ಬರೆದುಕೊಳ್ಳುತ್ತೇವೆ. ಮೂರನೆಯ ಪೆಟ್ಟಿಗೆಯ ಬೀಗದ ಕೈ ಮಾತ್ರ ಸಿಕ್ಕಿಲ್ಲ. ನೆರೆಯವರಿಗೆ ಕಾಗದ ಹಾಕಿದ್ದೇವೆ.