ಊರಿನ ಮತ ಯಾರದು? ಬ್ರಿಟಿಷ್ ಕೊಲಂಬಿಯಾದ ಸ್ಥಳೀಯ ಚುನಾವಣೆಗಳ ಒಂದೂವರೆ ಶತಮಾನ

1. ಪೀಠಿಕೆ

ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಈಗ ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ, ಎಲ್ಲ ಊರುಗಳಿಗೂ ಒಂದೇ ದಿನ ಸ್ಥಳೀಯ ಚುನಾವಣೆ ನಡೆಯುತ್ತದೆ. ವ್ಯಾಂಕೂವರ್‌ನಂಥ ಮಹಾನಗರವಿರಲಿ, ಕೆಲವೇ ನೂರು ಜನರಿರುವ ಹಳ್ಳಿಯಿರಲಿ, ಮೇಯರ್ ಮತ್ತು ಕೌನ್ಸಿಲರ್‌ಗಳನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ಶಾಲಾ ಮಂಡಳಿಯ ಟ್ರಸ್ಟಿಗಳು, ಊರಿನ ಎಲ್ಲೆಯಾಚೆಗಿನ ಪ್ರದೇಶಗಳ ನಿರ್ದೇಶಕರು, ವ್ಯಾಂಕೂವರ್‌ನಲ್ಲಿ ಉದ್ಯಾನ ಮಂಡಳಿಯ ಸದಸ್ಯರು ಕೂಡ ಅದೇ ದಿನ ಆಯ್ಕೆಯಾಗುತ್ತಾರೆ.

ಸಂಸತ್ತಿನ ಚುನಾವಣೆಯ ಪಕ್ಕದಲ್ಲಿಟ್ಟರೆ ಇದು ಕಿರಿದಾಗಿ ಕಾಣಬಹುದು. ಆದರೆ ರಸ್ತೆ ಎಲ್ಲಿ ಹಾಯಬೇಕು, ಯಾರ ಮನೆ ಕೆಡವಬೇಕು, ಯಾವ ಅಂಗಡಿಗೆ ಪರವಾನಗಿ ಸಿಗಬೇಕು ಎಂಬುದನ್ನು ತೀರ್ಮಾನಿಸುವುದು ಈ ಪುಟ್ಟ ಸಭೆಗಳೇ. ಹಾಗಾಗಿ ಊರಿನವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆ ಇಲ್ಲಿ ಮತ್ತೆ ಮತ್ತೆ ಎದ್ದಿದೆ. ಪ್ರಸ್ತುತ ಲೇಖನದ ವಾದ ಇಷ್ಟು: ಈ ಪ್ರಾಂತ್ಯದಲ್ಲಿ ಜನರನ್ನು ಸ್ಥಳೀಯ ಅಧಿಕಾರದಿಂದ ದೂರ ಇಟ್ಟದ್ದು ಎರಡು ಬಗೆಯಲ್ಲಿ. ಮೊದಲನೆಯದು ಮತದಾರರ ಪಟ್ಟಿಯ ಮೂಲಕ. ಅದು 1940ರ ದಶಕದ ಕೊನೆಗೆ ಬಹುಮಟ್ಟಿಗೆ ನೇರವಾಯಿತು. ಎರಡನೆಯದು ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸುವ ಕ್ರಮದ ಮೂಲಕ. ಅದು ಇಂದಿಗೂ ಉಳಿದಿದೆ.

2. ಆಸ್ತಿ, ವರ್ಣ ಮತ್ತು ಆರಂಭದ ಊರುಗಳು

ಪ್ರಾಂತ್ಯಕ್ಕಿಂತ ಅಲ್ಲಿನ ಊರಾಡಳಿತವೇ ಹಳೆಯದು. ನ್ಯೂ ವೆಸ್ಟ್‌ಮಿನ್‌ಸ್ಟರ್ 1860ರಲ್ಲಿ, ವಿಕ್ಟೋರಿಯಾ 1862ರಲ್ಲಿ ನಗರಗಳೆಂದು ಘೋಷಿತವಾದವು. ವಿಕ್ಟೋರಿಯಾದ ಮೊದಲ ಮೇಯರ್ ಥಾಮಸ್ ಹ್ಯಾರಿಸ್ ಮಾಂಸದ ವ್ಯಾಪಾರಿಯಾಗಿದ್ದವರು. 1871ರಲ್ಲಿ ಬ್ರಿಟಿಷ್ ಕೊಲಂಬಿಯಾ ಕೆನಡಾ ಒಕ್ಕೂಟಕ್ಕೆ ಸೇರಿತು. 1867ರ ಸಂವಿಧಾನ ಸ್ಥಳೀಯ ಸಂಸ್ಥೆಗಳನ್ನು ಪ್ರಾಂತ್ಯಗಳ ಕೈಗೆ ಒಪ್ಪಿಸಿತ್ತು. ಊರುಗಳಿಗೆ ಸ್ವಂತವಾದ ಸಾಂವಿಧಾನಿಕ ನೆಲೆ ಇರಲಿಲ್ಲ, ಈಗಲೂ ಇಲ್ಲ. ಯಾರು ಮತ ಹಾಕಬಹುದು, ಸಭೆಯಲ್ಲಿ ಎಷ್ಟು ಜನ ಕೂರಬಹುದು ಎಂಬುದೆಲ್ಲ ಪ್ರಾಂತೀಯ ಶಾಸನಸಭೆಯ ಕಾನೂನಿಗೆ ಒಳಪಟ್ಟದ್ದು. ಮುಂದಿನ ಇತಿಹಾಸವನ್ನು ಓದುವಾಗ ಈ ಅಧೀನತೆಯನ್ನು ನೆನಪಿಡಬೇಕು.

ಊರಿನ ಆದಾಯ ಆಸ್ತಿ ತೆರಿಗೆಯಿಂದ ಬರುತ್ತಿದ್ದುದರಿಂದ ತೆರಿಗೆ ಕಟ್ಟುವವನಿಗೇ ಮತ ಎಂಬುದು ಆ ಕಾಲದ ನಂಬಿಕೆ. ಈ ನಂಬಿಕೆಯೇ ಒಂದು ಬಾಗಿಲನ್ನು ಬೇಗ ತೆರೆಯಿತು. 1873ರಲ್ಲಿ ಆಸ್ತಿಯುಳ್ಳ ಮಹಿಳೆಯರಿಗೆ ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕು ದೊರೆಯಿತು. ಕೆನಡಾದಲ್ಲಿ ಅದೇ ಮೊದಲು. ಪ್ರಾಂತೀಯ ಮತಕ್ಕಾಗಿ ಅವರು 1917ರವರೆಗೆ ಕಾಯಬೇಕಾಯಿತು. ಶಾಸನಸಭೆ ಹೆಣ್ಣನ್ನು ಪ್ರಜೆಯಾಗಿ ಕಾಣುವುದಕ್ಕೆ ನಾಲ್ಕು ದಶಕ ಮೊದಲೇ ಊರು ಅವಳನ್ನು ತೆರಿಗೆದಾರಳಾಗಿ ಗುರುತಿಸಿತ್ತು.

ಆದರೆ ಆಸ್ತಿಯ ತರ್ಕ ವರ್ಣದ ಎದುರು ನಿಲ್ಲಲಿಲ್ಲ. 1870ರ ದಶಕದಲ್ಲೇ ಚೀನೀಯರಿಗೂ ಆ ನೆಲದ ಮೂಲನಿವಾಸಿಗಳಿಗೂ ಪ್ರಾಂತ್ಯ ಮತ ನಿರಾಕರಿಸಿತು. ಅವರಲ್ಲಿ ಯಾರಾದರೂ ಆಸ್ತಿ ಹೊಂದಿ ತೆರಿಗೆ ಕಟ್ಟಿದರೂ ಅದು ಲೆಕ್ಕಕ್ಕೆ ಬರಲಿಲ್ಲ. 1886ರ ಏಪ್ರಿಲ್‌ನಲ್ಲಿ ವ್ಯಾಂಕೂವರ್ ನಗರವನ್ನು ಸ್ಥಾಪಿಸಿದ ಶಾಸನವೂ ಇದೇ ನಿಷೇಧವನ್ನು ಹೊತ್ತು ಬಂತು. ಮಸ್ಕ್ವಿಯಮ್, ಸ್ಕ್ವಾಮಿಷ್, ತ್ಸ್ಲೇಲ್‌ವೌಟುತ್ ಜನಾಂಗಗಳು ಯಾವ ಒಪ್ಪಂದದಿಂದಲೂ ಬಿಟ್ಟುಕೊಡದ ಭೂಮಿಯ ಮೇಲೆ ಎದ್ದ ನಗರವದು. ಆ ಭೂಮಿಯ ಒಡೆಯರಿಗೇ ಅಲ್ಲಿನ ಮತಗಟ್ಟೆ ಮುಚ್ಚಿತ್ತು.

1886ರ ಮೇ 3ರಂದು ವ್ಯಾಂಕೂವರ್‌ನ ಮೊದಲ ಚುನಾವಣೆ ನಡೆಯಿತು. ಒಂದು ಕಡೆ ಜಮೀನು ವ್ಯವಹಾರದ ಮಾಲ್ಕಮ್ ಮ್ಯಾಕ್‌ಲೀನ್, ಇನ್ನೊಂದು ಕಡೆ ಹೇಸ್ಟಿಂಗ್ಸ್ ಮರದ ಮಿಲ್ಲಿನ ವ್ಯವಸ್ಥಾಪಕ ರಿಚರ್ಡ್ ಅಲೆಕ್ಸಾಂಡರ್. ಮತ ಹಾಕಲು ಬಂದ ಮಿಲ್ಲಿನ ಚೀನೀ ಕಾರ್ಮಿಕರನ್ನು ಜನರ ಗುಂಪು ಅಟ್ಟಿಬಿಟ್ಟಿತು. ಮ್ಯಾಕ್‌ಲೀನ್ 17 ಮತಗಳ ಅಂತರದಲ್ಲಿ ಗೆದ್ದರು. ನಗರದ ಮೊತ್ತಮೊದಲ ಜನಾದೇಶವೇ ಹೀಗೆ ಹೊರದೂಡುವಿಕೆಯೊಂದಿಗೆ ಬೆಸೆದುಕೊಂಡಿತು.

3. 1907: ಭಾರತೀಯರ ಮತ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪಂಜಾಬಿನಿಂದ ಬಂದವರು ಮರದ ಮಿಲ್ಲುಗಳಲ್ಲೂ ರೈಲು ಹಾದಿಯಲ್ಲೂ ಕೆಲಸಕ್ಕೆ ಸೇರಿದರು. ಅವರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು; ಹಲವರು ಸೇನೆಯಲ್ಲಿ ದುಡಿದವರು. ಕಾನೂನಿನ ಅಕ್ಷರದ ಪ್ರಕಾರ ಅವರಿಗೆ ಮತ ಹಾಕಲು ಅಡ್ಡಿಯಿರಲಿಲ್ಲ. ಆದ್ದರಿಂದ 1907ರಲ್ಲಿ ಕಾನೂನನ್ನೇ ಬದಲಾಯಿಸಲಾಯಿತು. ಭಾರತದಿಂದ ಬಂದವರೆಲ್ಲರನ್ನೂ ಪ್ರಾಂತೀಯ ಮತದಾರರ ಪಟ್ಟಿಯಿಂದ ತೆಗೆದರು. ವ್ಯಾಂಕೂವರ್ ನಗರದ ಮತವೂ ಅದೇ ವರ್ಷ ಕೈತಪ್ಪಿತು. ಆ ಸೆಪ್ಟೆಂಬರ್‌ನಲ್ಲಿ ಉದ್ರಿಕ್ತ ಗುಂಪು ಅಲ್ಲಿನ ಚೀನೀ ಮತ್ತು ಜಪಾನೀ ಬೀದಿಗಳ ಮೇಲೆ ದಾಳಿ ಮಾಡಿತು.

ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಚುನಾವಣೆಯ ದಿನಕ್ಕಷ್ಟೇ ಸೀಮಿತವಾದ ನಷ್ಟವಾಗಿರಲಿಲ್ಲ. ವಕೀಲಿ ಮತ್ತು ಔಷಧ ವ್ಯಾಪಾರದಂಥ ವೃತ್ತಿಗಳಿಗೆ ಪ್ರವೇಶ ಬೇಕಿದ್ದರೆ ಪ್ರಾಂತೀಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಒಕ್ಕೂಟದ ಮತವೂ ಅದೇ ಪಟ್ಟಿಗೆ ತಗುಲಿಕೊಂಡಿತ್ತು. ಒಂದು ಸಾಲು ಹೊಡೆದುಹಾಕಿದರೆ ಇಡೀ ಬದುಕಿನ ದಾರಿಗಳೇ ಮುಚ್ಚಿಹೋಗುತ್ತಿದ್ದವು.

ಮತವಿಲ್ಲದ ಜನರ ಬಗ್ಗೆ ಚುನಾಯಿತ ಸಭೆ ಹೇಗೆ ವರ್ತಿಸುತ್ತದೆ ಎಂಬುದು 1914ರಲ್ಲಿ ಬಯಲಾಯಿತು. ಮೇ ತಿಂಗಳಲ್ಲಿ 376 ಪ್ರಯಾಣಿಕರನ್ನು ಹೊತ್ತ ಕೊಮಗಾಟ ಮಾರು ಹಡಗು ವ್ಯಾಂಕೂವರ್ ಬಂದರಿಗೆ ಬಂತು. ಅವರಲ್ಲಿ ಹೆಚ್ಚಿನವರು ಸಿಖ್ಖರು. ಇಳಿಯಲು ಅನುಮತಿ ಸಿಗದೆ ಎರಡು ತಿಂಗಳು ಅವರು ನೀರಿನ ಮೇಲೆಯೇ ಕಳೆಯಬೇಕಾಯಿತು. ಆಗಿನ ಮೇಯರ್ ಟ್ರೂಮನ್ ಬ್ಯಾಕ್ಸ್‌ಟರ್ ಪ್ರಯಾಣಿಕರನ್ನು ಹಿಂದಟ್ಟಬೇಕೆಂಬ ಸಾರ್ವಜನಿಕ ಚಳವಳಿಯ ಜೊತೆ ನಿಂತರು. ಗೆಲ್ಲಲು ಬೇಕಾದ ಒಂದು ಮತವೂ ಆ ಹಡಗಿನ ಕಡೆಯಿಂದ, ದಡದಲ್ಲಿದ್ದ ಅವರ ಬಂಧುಗಳ ಕಡೆಯಿಂದ ಬರುವಂತಿರಲಿಲ್ಲ. ನ್ಯಾಯ ಕೇಳುವವನ ಕೈಯಲ್ಲಿ ಮತವಿಲ್ಲದಿದ್ದರೆ ಅಧಿಕಾರಸ್ಥನಿಗೆ ಕಿವಿಗೊಡುವ ಅಗತ್ಯವೇ ಬೀಳದು.

4. ಪಟ್ಟಿ ತೆರೆದ ವರ್ಷಗಳು

ಎರಡನೆಯ ಮಹಾಯುದ್ಧದ ನಂತರ ಈ ಗೋಡೆ ಕುಸಿಯತೊಡಗಿತು. ಕೆನಡಾದ ಸಮವಸ್ತ್ರ ತೊಟ್ಟು ಹೋರಾಡಿ ಬಂದ ಚೀನೀ ಮೂಲದ ಯುವಕರಿಗೆ ಮತವಿಲ್ಲ ಎನ್ನುವುದು ಸಮರ್ಥನೆಗೆ ನಿಲ್ಲದ ಮಾತಾಯಿತು. ವ್ಯಾಂಕೂವರ್‌ನ ಖಾಲ್ಸಾ ದಿವಾನ್ ಸೊಸೈಟಿ ಮನವಿಯ ಮೇಲೆ ಮನವಿ ಸಲ್ಲಿಸಿತು. ಮರದ ಮಿಲ್ಲುಗಳ ಕಾರ್ಮಿಕ ಸಂಘದಲ್ಲಿ ದರ್ಶನ್ ಸಿಂಗ್ ಸಂಘಾ ಅವರಂಥ ಸಂಘಟಕರು ದುಡಿದರು. ಮತದ ಬೇಡಿಕೆಗೆ ಹೀಗೆ ಗುರುದ್ವಾರದ ಬಲವೂ ಕಾರ್ಖಾನೆಯ ಬಲವೂ ಒದಗಿತು. 1947ರ ಏಪ್ರಿಲ್‌ನಲ್ಲಿ ಚೀನೀ ಮತ್ತು ದಕ್ಷಿಣ ಏಷ್ಯಾ ಮೂಲದವರಿಗೆ ಪ್ರಾಂತೀಯ ಮತ ಮರಳಿತು. ಊರಿನ ಮತವೂ ಅದರ ಬೆನ್ನಿಗೇ ಬಂತು. 1942ರಲ್ಲಿ ಮನೆಮಠ ಕಳೆದುಕೊಂಡು ಒಳನಾಡಿಗೆ ಸಾಗಿಸಲ್ಪಟ್ಟ ಜಪಾನೀ ಮೂಲದವರಿಗೂ ಮೂಲನಿವಾಸಿಗಳಿಗೂ ಪ್ರಾಂತೀಯ ಮತ ಸಿಕ್ಕಿದ್ದು 1949ರಲ್ಲಿ.

ಫಲ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. 1950ರಲ್ಲಿ ಫ್ರೇಸರ್ ನದಿಯ ದಡದ ಮಿಷನ್ ಎಂಬ ಊರಿನಲ್ಲಿ, ಮರದ ಉದ್ಯಮದಲ್ಲಿದ್ದ ನಿರಂಜನ್ ಸಿಂಗ್ ಗ್ರೇವಾಲ್ ಊರಿನ ಆಡಳಿತ ಮಂಡಳಿಗೆ ಆಯ್ಕೆಯಾದರು. 1954ರಲ್ಲಿ ಅವರೇ ಅದರ ಅಧ್ಯಕ್ಷರಾದರು. ಭಾರತೀಯ ಮೂಲದವರು ಕೆನಡಾದ ಚುನಾಯಿತ ಹುದ್ದೆಗೇರಿದ ಮೊದಲ ನಿದರ್ಶನಗಳಲ್ಲಿ ಇದು ಮುಖ್ಯವಾದದ್ದು. 1966ರಲ್ಲಿ ಕ್ಯಾಮ್‌ಲೂಪ್ಸ್ ನಗರದ ಮೇಯರ್ ಆದ ಪೀಟರ್ ವಿಂಗ್ ಚೀನೀ ಮೂಲದವರು. ಇಬ್ಬರೂ ಗೆದ್ದದ್ದು ತಮ್ಮ ಸಮುದಾಯದ ಸಂಖ್ಯೆಯಿಂದಲ್ಲ. ಪರಸ್ಪರ ಪರಿಚಯವಿರುವ ಸಣ್ಣ ಊರಿನಲ್ಲಿ ಮನುಷ್ಯನ ಕೆಲಸ ಮತದಾರರ ಕಣ್ಣಿಗೆ ಬಿದ್ದಿತ್ತು. ದೊಡ್ಡ ನಗರದಲ್ಲಿ ಈ ಅನುಕೂಲ ಇರಲಿಲ್ಲ.

5. ಇಡೀ ನಗರವೇ ಒಂದು ಕ್ಷೇತ್ರ

ವ್ಯಾಂಕೂವರ್‌ನಲ್ಲಿ ಮೊದಲು ವಾರ್ಡುಗಳಿದ್ದವು. 1935ರ ಜನಮತಗಣನೆಯ ನಂತರ ಅವುಗಳನ್ನು ರದ್ದುಗೊಳಿಸಲಾಯಿತು. ವಾರ್ಡಿನ ಸದಸ್ಯರು ತಮ್ಮ ಬೀದಿಯ ಕೆಲಸಕ್ಕಷ್ಟೇ ಬಡಿದಾಡುತ್ತಾರೆ, ನಗರವನ್ನು ಒಟ್ಟಾಗಿ ನೋಡುವವರು ಬೇಕು ಎಂಬುದು ಸುಧಾರಕರ ವಾದವಾಗಿತ್ತು. 1936ರಿಂದ ಪ್ರತಿಯೊಬ್ಬ ಮತದಾರ ನಗರಸಭೆಯ ಎಲ್ಲ ಸ್ಥಾನಗಳಿಗೂ ಮತ ಹಾಕುವ ಕ್ರಮ ಬಂತು. ಎಡಪಂಥೀಯ ಸಿಸಿಎಫ್ ಪಕ್ಷದ ಅಭ್ಯರ್ಥಿಗಳು ಈ ಹೊಸ ಕ್ರಮದಲ್ಲೂ ಸ್ಥಾನ ಗಳಿಸಿದಾಗ, ಅವರನ್ನು ತಡೆಯಲು ವ್ಯಾಪಾರಿ ವರ್ಗದ ಬೆಂಬಲದೊಂದಿಗೆ 1937ರಲ್ಲಿ ನಾನ್ ಪಾರ್ಟಿಸನ್ ಅಸೋಸಿಯೇಷನ್ ಹುಟ್ಟಿತು. ಎನ್‌ಪಿಎ ಎಂದೇ ಹೆಸರಾದ ಈ ಕೂಟ ಮುಂದಿನ ಹಲವು ದಶಕ ನಗರವನ್ನು ಆಳಿತು. ಅದೇ 1937ರಲ್ಲಿ ಸಿಸಿಎಫ್‌ನ ಹೆಲೆನಾ ಗಟರಿಜ್ ನಗರಸಭೆಯ ಮೊದಲ ಮಹಿಳಾ ಸದಸ್ಯೆಯಾದರು.

ಈ ಕ್ರಮದ ಸ್ವಭಾವವನ್ನು ನಾಲ್ಕು ಫಲಿತಾಂಶಗಳು ತೋರಿಸುತ್ತವೆ. ಹತ್ತು ಕೌನ್ಸಿಲರ್ ಸ್ಥಾನಗಳಲ್ಲಿ 1972ರಲ್ಲಿ ಟೀಮ್ ಕೂಟ ಎಂಟನ್ನು, 1996ರಲ್ಲಿ ಎನ್‌ಪಿಎ ಹತ್ತಕ್ಕೆ ಹತ್ತನ್ನೂ, 2002ರಲ್ಲಿ ಎಡಪಂಥೀಯ ಕೋಪ್ ಎಂಟನ್ನು, 2022ರಲ್ಲಿ ಎಬಿಸಿ ಏಳನ್ನು ಗೆದ್ದವು. ಸಿದ್ಧಾಂತ ಯಾವುದೇ ಇರಲಿ, ಮುಂದಿರುವ ಕೂಟ ತನ್ನ ಮತದ ಪಾಲನ್ನು ಮೀರಿ ಸ್ಥಾನಗಳನ್ನು ಬಾಚಿಕೊಳ್ಳುವುದು ಇಲ್ಲಿ ಸುಲಭ. ಒಂದೇ ಬಡಾವಣೆಯಲ್ಲಿ ಗಟ್ಟಿಯಾಗಿ ನೆಲೆಸಿದ ಜನರಿಗೆ ತಮ್ಮವನೊಬ್ಬನನ್ನು ಕಳಿಸುವುದು ಅಷ್ಟೇ ಕಷ್ಟ.

1960ರ ದಶಕದ ಸ್ಟ್ರಾತ್‌ಕೋನಾ ಬಡಾವಣೆ ಇದಕ್ಕೆ ಸಾಕ್ಷಿ. ಚೈನಾಟೌನ್‌ಗೆ ಅಂಟಿಕೊಂಡ ಆ ವಸತಿಯನ್ನು ನಗರಸಭೆ ಕೊಳೆಗೇರಿಯೆಂದು ಗುರುತಿಸಿ ಮನೆಗಳನ್ನು ಕೆಡವಿಸುತ್ತಿತ್ತು. 1967ರಲ್ಲಿ ಚೈನಾಟೌನ್ ಮೂಲಕವೇ ಹೆದ್ದಾರಿ ಹಾಯಿಸುವ ಯೋಜನೆ ಬಂತು. ಸಭೆಯಲ್ಲಿ ಪ್ರಶ್ನಿಸಲು ಆ ಬೀದಿಗಳಿಗೆ ತಮ್ಮದೇ ಪ್ರತಿನಿಧಿ ಇರಲಿಲ್ಲ. ನಿವಾಸಿಗಳು 1968ರಲ್ಲಿ ಮನೆಮಾಲೀಕರ ಮತ್ತು ಬಾಡಿಗೆದಾರರ ಸಂಘ ಕಟ್ಟಿ ಬೀದಿಗಿಳಿದರು. ಹೆದ್ದಾರಿ ನಿಂತಿತು. ಆದರೆ ಅದರ ಭಾಗವಾಗಿದ್ದ ಜಾರ್ಜಿಯಾ ಮೇಲ್ಸೇತುವೆಗಳು 1972ರಲ್ಲಿ ಸಂಚಾರಕ್ಕೆ ತೆರೆದವು. ಅವುಗಳಿಗಾಗಿ ಕಪ್ಪು ಜನರು ನೆಲೆಸಿದ್ದ ಹೋಗನ್ಸ್ ಆ್ಯಲಿ ನೆಲಸಮವಾಗಿತ್ತು.

ಹೆದ್ದಾರಿಯ ವಿರುದ್ಧ ದನಿ ಎತ್ತಿದವರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಕಲಿಸುತ್ತಿದ್ದ, ಭಾರತದಿಂದ ಬಂದ ಸೆಟ್ಟಿ ಪೆಂಡಾಕುರ್ ಒಬ್ಬರು. ನಗರ, ನಾಗರಿಕರು ಮತ್ತು ಹೆದ್ದಾರಿಗಳ ಕುರಿತ ಅವರ ಪುಸ್ತಕ 1972ರಲ್ಲಿ ಹೊರಬಂತು. ಅದೇ ವರ್ಷ ಟೀಮ್ ಕೂಟದಿಂದ ಅವರು ನಗರಸಭೆಗೆ ಆಯ್ಕೆಯಾದರು. ಭಾರತೀಯರ ಮತವನ್ನು ಕಸಿದ ನಗರದಲ್ಲಿ ಅರವತ್ತೈದು ವರ್ಷಗಳ ನಂತರ ಭಾರತೀಯ ಮೂಲದವರೊಬ್ಬರನ್ನು ಇಡೀ ನಗರ ಆರಿಸಿತು. ಏಕಕ್ಷೇತ್ರ ಕ್ರಮವೂ ಉದಾರವಾಗಬಲ್ಲದು ಎಂಬುದಕ್ಕೆ ಇದು ಉದಾಹರಣೆ. ಆದರೆ ಆ ಉದಾರತೆಗೆ ಬಲವಾದ ಕೂಟವೊಂದರ ಆಸರೆ ಬೇಕಿತ್ತು. ಕೂಟದ ಪಟ್ಟಿಗೆ ಯಾರು ಸೇರಬೇಕೆಂಬುದನ್ನು ಮತದಾರರಿಗಿಂತ ಮೊದಲೇ ಬೇರೆಯವರು ತೀರ್ಮಾನಿಸುತ್ತಿದ್ದರು.

ವಾರ್ಡಿನ ಪ್ರಶ್ನೆ ಮತ್ತೆ ಮತ್ತೆ ಜನರ ಮುಂದೆ ಬಂದಿದೆ. 1982ರಲ್ಲಿ ಬಹುಮತ ವಾರ್ಡುಗಳ ಪರ ಬಂದರೂ ಪ್ರಾಂತ್ಯ ಕಾನೂನು ಬದಲಿಸಲಿಲ್ಲ. ಮಾಜಿ ನ್ಯಾಯಾಧೀಶ ಥಾಮಸ್ ಬರ್ಗರ್ ಅವರ ಆಯೋಗ 2004ರಲ್ಲಿ ವಾರ್ಡುಗಳನ್ನು ಶಿಫಾರಸು ಮಾಡಿತು. ಆ ವರ್ಷದ ಜನಮತದಲ್ಲಿ ಅದು ಸೋತಿತು. ಪ್ರಾಂತ್ಯದ ಎರಡನೆಯ ದೊಡ್ಡ ನಗರವಾದ ಸರ್ರಿಯೂ ಸೇರಿ ಬಹುತೇಕ ಎಲ್ಲ ಊರುಗಳಲ್ಲೂ ಏಕಕ್ಷೇತ್ರ ಕ್ರಮವೇ ಮುಂದುವರಿದಿದೆ.

6. ಹಣ, ಮತಪತ್ರ, ಹೊಸ ಪ್ರಶ್ನೆಗಳು

2017ರಲ್ಲಿ ಪ್ರಾಂತ್ಯ ಮಹತ್ವದ ಹೆಜ್ಜೆಯಿಟ್ಟಿತು. ಸ್ಥಳೀಯ ಚುನಾವಣೆಗೆ ಕಂಪನಿಗಳೂ ಕಾರ್ಮಿಕ ಸಂಘಗಳೂ ದೇಣಿಗೆ ನೀಡುವುದನ್ನು ನಿಷೇಧಿಸಿ, ವ್ಯಕ್ತಿಗಳ ದೇಣಿಗೆಗೆ ವರ್ಷಕ್ಕೆ 1,200 ಡಾಲರ್ ಮಿತಿ ಹಾಕಿತು. ಭೂಮಿಯ ಬೆಲೆ ಮುಗಿಲಿಗೇರಿದ ನಗರದಲ್ಲಿ, ಕಟ್ಟಡಕ್ಕೆ ಅನುಮತಿ ನೀಡುವವರ ಚುನಾವಣೆಗೆ ಕಟ್ಟಡ ಕಟ್ಟುವವರೇ ಹಣ ಕೊಡುವುದು ಎಷ್ಟು ಅನುಚಿತ ಎಂಬುದನ್ನು ವಿವರಿಸಬೇಕಾಗಿಲ್ಲ. ಮರುವರ್ಷ ಹಳೆಯ ಕೂಟಗಳ ಹಿಡಿತ ಸಡಿಲವಾಯಿತು. ಪಕ್ಷೇತರ ಕೆನಡಿ ಸ್ಟೂವರ್ಟ್, ಎನ್‌ಪಿಎಯ ಕೆನ್ ಸಿಮ್ ಅವರನ್ನು 957 ಮತಗಳಿಂದ ಸೋಲಿಸಿ ಮೇಯರ್ ಆದರು. ಮತಪತ್ರದಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಹಾಕುವ ಬದಲು ಚೀಟಿ ಎತ್ತಿ ಜೋಡಿಸಿದ್ದೂ ಆ ಚುನಾವಣೆಯಲ್ಲೇ. ಏಕಕ್ಷೇತ್ರದ ಉದ್ದನೆಯ ಮತಪತ್ರದಲ್ಲಿ ಮೇಲಿನ ಹೆಸರಿಗೆ ಸಿಗುವ ಲಾಭ ಸಣ್ಣದಲ್ಲ. 2022ರಲ್ಲಿ ಗೆದ್ದ ಕೆನ್ ಸಿಮ್ ವ್ಯಾಂಕೂವರ್‌ನ ಚೀನೀ ಮೂಲದ ಮೊದಲ ಮೇಯರ್. 1886ರ ಮತಗಟ್ಟೆಯನ್ನು ನೆನೆದರೆ ಈ ದೂರದ ಬೆಲೆ ತಿಳಿಯುತ್ತದೆ.

ಆದರೂ ಆ ವರ್ಷ ವ್ಯಾಂಕೂವರ್‌ನಲ್ಲಿ ಮತ ಹಾಕಿದವರು ಶೇ. 36ರಷ್ಟು ಮಾತ್ರ. ಪೌರತ್ವವಿಲ್ಲದ ಕಾಯಂ ನಿವಾಸಿಗಳು ತೆರಿಗೆ ಕಟ್ಟಿದರೂ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿದರೂ ಮತ ಹಾಕುವಂತಿಲ್ಲ. ಊರಿನಲ್ಲಿ ವಾಸವಿಲ್ಲದೆ ಆಸ್ತಿಯಷ್ಟೇ ಹೊಂದಿರುವ ಪೌರರಿಗೆ ಆ ಹಕ್ಕಿದೆ. ಕಾಯಂ ನಿವಾಸಿಗಳಿಗೆ ಮತ ನೀಡಬೇಕೆಂದು ವ್ಯಾಂಕೂವರ್ ನಗರಸಭೆ 2018ರಲ್ಲಿ ಪ್ರಾಂತ್ಯವನ್ನು ಕೋರಿತು. ಅದೇ ವರ್ಷ ಅದು ಹಳೆಯ ಅನ್ಯಾಯಗಳಿಗಾಗಿ ಚೀನೀ ಸಮುದಾಯದ ಕ್ಷಮೆಯನ್ನೂ ಕೇಳಿತು.

7. ಸಮಾಪ್ತಿ

ಈ ಇತಿಹಾಸದಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಸ್ಥಳೀಯ ಮತದ ಹಕ್ಕು ತಾನಾಗಿ ಹಿಗ್ಗಿದ್ದಲ್ಲ. ಅದನ್ನು ಕಸಿದದ್ದು ಕಾನೂನು. ಹಿಂದಕ್ಕೆ ತಂದದ್ದು ಗುರುದ್ವಾರಗಳು, ಕಾರ್ಮಿಕ ಸಂಘಗಳು, ಯುದ್ಧದಿಂದ ಮರಳಿದ ಸೈನಿಕರು. ಎರಡನೆಯದು, ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಸಭೆಯಲ್ಲಿ ದನಿ ಸೇರುವುದಿಲ್ಲ. ಕ್ಷೇತ್ರದ ಎಲ್ಲೆ, ಮತಪತ್ರದ ಉದ್ದ, ಪ್ರಚಾರದ ಹಣ ಕೂಡ ಪ್ರಾತಿನಿಧ್ಯವನ್ನು ರೂಪಿಸುತ್ತವೆ. ಹಳೆಯ ಅನ್ಯಾಯಕ್ಕೆ ಕ್ಷಮೆ ಕೇಳುವುದು ಒಳ್ಳೆಯದೇ. ಆದರೆ ಊರಿನಲ್ಲಿ ಬಾಳುವವನಿಗಿಂತ ಊರಿನಲ್ಲಿ ಆಸ್ತಿಯಿರುವವನಿಗೆ ಹೆಚ್ಚು ಹಕ್ಕು ಕೊಡುವ ನಿಯಮ ಹತ್ತೊಂಬತ್ತನೆಯ ಶತಮಾನದ ನಂಬಿಕೆಯ ಉಳಿಕೆ. ಕಾಯಂ ನಿವಾಸಿಗಳಿಗೆ ಮತ ಕೊಡುವುದು ಮತ್ತು ದೊಡ್ಡ ನಗರಗಳಲ್ಲಿ ಬಡಾವಣೆಗಳಿಗೆ ತಮ್ಮದೇ ಪ್ರತಿನಿಧಿ ಕೊಡುವುದು, ಈ ಎರಡೂ ಪ್ರಾಂತೀಯ ಶಾಸನಸಭೆಯಿಂದಲೇ ಆಗಬೇಕಾದ ಕೆಲಸಗಳು. 1947ರಲ್ಲಿ ತನ್ನ ಹಿಂದಿನ ಕಾನೂನನ್ನು ತಿದ್ದಿಕೊಂಡ ಆ ಸಭೆಗೆ ಇದು ಅಸಾಧ್ಯವೂ ಅಲ್ಲ, ಹೊಸದೂ ಅಲ್ಲ.